ಸಭೆಯಲ್ಲಿ ಯಾರಿದ್ದಾರೆ?

ಸಂಗೀತ ಕಚೇರಿಗೆ ಹೋದಾಗ ನಮ್ಮ ದೃಷ್ಟಿಯೆಲ್ಲ ವೇದಿಕೆಯ ಕಡೆಗೆ. ಒಮ್ಮೆ ಹಿಂತಿರುಗಿ ಸಭಿಕರನ್ನೂ ನೋಡಿರಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಸಂಗೀತೋತ್ಸವದಂಥ ಸಭೆಗಳಲ್ಲಿ ಮುಂದಿನ ಸಾಲುಗಳ ತುಂಬ ನರೆತ ತಲೆಗಳು. ಅದೇ ಊರಿನಲ್ಲಿ 2004ರಲ್ಲಿ ತೆರೆದ ರಂಗಶಂಕರಕ್ಕೆ ಹೋಗಿ. ಕಾಲೇಜಿನ ಹುಡುಗ ಹುಡುಗಿಯರೂ ಹೊಸದಾಗಿ ಕೆಲಸಕ್ಕೆ ಸೇರಿದವರೂ ನಾಟಕಕ್ಕೆ ಕಾದಿರುತ್ತಾರೆ.

ಹಾಗಾದರೆ ಸಂಗೀತ ಮುದುಕರಿಗೆ, ನಾಟಕ ತರುಣರಿಗೆ ಎನ್ನೋಣವೆ? ಅಷ್ಟು ಸುಲಭವಾಗಿ ತೀರ್ಮಾನಿಸಲಾಗದು. ಎರಡು ಕಡೆಯೂ ಕಡಮೆ ಕಾಣುವವರು ಮೂವತ್ತೈದು ಐವತ್ತರ ನಡುವಿನವರು. ಅವರಿಗೆ ಅಭಿರುಚಿ ಇಲ್ಲವೆಂದಲ್ಲ, ಬಿಡುವಿಲ್ಲ. ಕಚೇರಿಯ ಕೆಲಸ, ಮಕ್ಕಳ ಪಾಠ, ಮನೆಯಲ್ಲಿ ವೃದ್ಧರಾದ ತಂದೆತಾಯಿ. ಗೃಹಿಣಿಗಂತೂ ಸಂಜೆ ಆರೂವರೆ ಎಂದರೆ ಒಲೆ ಹಚ್ಚುವ ಹೊತ್ತು. ಅರವತ್ತು ದಾಟಿದವರಿಗೆ ಬಿಡುವುಂಟು. ಆದರೆ ಮಂಡಿನೋವು, ಮೆಟ್ಟಿಲು, ರಾತ್ರಿ ಮನೆಗೆ ಮರಳುವ ಚಿಂತೆ.

ಹೊತ್ತು ಬದಲಾದರೆ ಸಭೆಯೂ ಬದಲಾಗುತ್ತದೆ. ಕರಾವಳಿಯ ಯಕ್ಷಗಾನ ಹಿಂದೆ ಬೆಳತನಕ ನಡೆಯುತ್ತಿತ್ತು. ಈಗ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಬಂದಿವೆ. ಮರುದಿನ ಕೆಲಸಕ್ಕೆ ಹೋಗಬೇಕಾದವರೂ ಶಾಲೆಯ ಮಕ್ಕಳೂ ಕೊನೆಯವರೆಗೆ ಕೂರಬಲ್ಲರು. ನಿದ್ದೆಗೆಟ್ಟು ನೋಡಿದ ಹಳೆಯ ರಸಿಕರಿಗೆ ಮಾತ್ರ, ನಸುಕಿನಲ್ಲಿ ಕಾವೇರುತ್ತಿದ್ದ ಆ ಪದ್ಯಗಳು ಇನ್ನೆಲ್ಲಿ ಎಂಬ ಕೊರಗು. ಅದೂ ನ್ಯಾಯವೇ.

ಇನ್ನೊಂದು ಮಾತು. ಎಳವೆಯಲ್ಲಿ ಹತ್ತಿದ ರುಚಿ ನಡುವಯಸ್ಸಿನ ಜಂಜಡದಲ್ಲಿ ಮರೆಯಾದರೂ ಸಾಯುವುದಿಲ್ಲ. ಸ್ಪಿಕ್ ಮೆಕೆ ಸಂಸ್ಥೆ 1977ರಿಂದ ಕಲಾವಿದರನ್ನು ವಿದ್ಯಾರ್ಥಿಗಳ ಬಳಿಗೇ ಕರೆದೊಯ್ಯುತ್ತಿರುವುದು ಇದಕ್ಕಾಗಿ. ಹೆಗ್ಗೋಡಿನ ನೀನಾಸಮ್ 1985ರಲ್ಲಿ ಆರಂಭಿಸಿದ ತಿರುಗಾಟ ನಾಟಕವನ್ನು ಊರೂರಿಗೆ ಒಯ್ದಿತು. ಮೈಸೂರಿನ ರಂಗಾಯಣ ಬೇಸಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತ ಬಂದಿದೆ.

ಆದರೆ ಸಂಸ್ಥೆಗಳು ಮಾಡಲಾಗದ ಕೆಲಸವೊಂದು ಮನೆಯವರದು. ಮುಂದಿನ ಸಲ ಕಚೇರಿಗೆ ಹೊರಟಾಗ ಮೊಮ್ಮಗಳನ್ನೂ ಕರೆದುಕೊಳ್ಳಿ. ಸಾಲಿನ ಅಂಚಿನಲ್ಲಿ ಕೂತುಕೊಳ್ಳಿ. ಒಂದು ಗಂಟೆ ಕೇಳಿ ಸಾಕೆಂದರೆ ಎದ್ದು ಬನ್ನಿ. ತನಿಯಾವರ್ತನದ ಹೊತ್ತಿಗೆ ನಿಮ್ಮ ಹೆಗಲ ಮೇಲೆ ನಿದ್ದೆ ಹೋದರೂ ಗದರಬೇಡಿ. ಮೃದಂಗದ ನಾದ ನಿದ್ದೆಯಲ್ಲೂ ಕಿವಿಗೆ ಬೀಳುತ್ತದೆ. ಇಪ್ಪತ್ತು ವರ್ಷಗಳ ಮೇಲೆ ನಿಮ್ಮ ಕುರ್ಚಿ ತೆರವಾದಾಗ, ಅದರಲ್ಲಿ ಬಂದು ಕೂರುವವಳು ಅವಳೇ.