ಕೈನೂಲಿನ ಸುಖ



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಯ ಮಾತು ಬಿಟ್ಟು ನೂಲಿನ ಮಾತೇಕೆಂದು ತಾವು ಕೇಳಬಹುದು. ನಮ್ಮ ನಾಡಿನ ಕಥೆಯಲ್ಲಿ ಇವೆರಡೂ ಬಹುಕಾಲದಿಂದ ಕೂಡಿಕೊಂಡೇ ಬಂದಿವೆ ಎಂಬುದೇ ಅದಕ್ಕೆ ಉತ್ತರ.

ಶರಣರ ಕಲ್ಯಾಣವಿರುವ ಬೀದರ ಜಿಲ್ಲೆ 1956ರವರೆಗೆ ಈ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತು. ಹನ್ನೆರಡನೆಯ ಶತಮಾನದ ಆ ಶರಣೆಯರಲ್ಲಿ ಕದಿರ ರೆಮ್ಮವ್ವೆ, ಕದಿರ ಕಾಯಕದ ಕಾಳವ್ವೆ ಎಂಬ ಇಬ್ಬರಿಗೆ ನೂಲುವುದೇ ಕಾಯಕ. ರೆಮ್ಮವ್ವೆಯಂತೂ ತಾನು ತಿರುಗಿಸುವ ರಾಟೆಯ ಅಂಗಗಳಲ್ಲಿಯೇ ತ್ರಿಮೂರ್ತಿಗಳನ್ನು ಕಂಡು ವಚನ ಹೇಳಿದಳು. ಹೊಟ್ಟೆಪಾಡಿನ ಕೆಲಸದಲ್ಲಿ ಇಷ್ಟು ಆನಂದ ಹೇಗೆ ಬಂದಿತು? ಕೈಗೆ ಹಂಜಿ ಹಿಡಿದು ನೋಡಿದವರಿಗೆ ಅದು ತಿಳಿಯುತ್ತದೆ.

ಬಲಗೈ ರಾಟೆ ತಿರುಗಿಸುತ್ತದೆ. ಎಡಗೈ ಹಂಜಿಯನ್ನು ಮೆಲ್ಲನೆ ಹಿಂದಕ್ಕೆಳೆಯುತ್ತದೆ. ಅರಳೆ ಎಳೆಯಾಗುತ್ತದೆ, ಎಳೆಗೆ ಹುರಿ ಏರುತ್ತದೆ. ಹುರಿ ಕಡಿಮೆಯಾದರೆ ನೂಲು ಕಳಚುತ್ತದೆ, ಹೆಚ್ಚಾದರೆ ಮುರುಟಿಕೊಳ್ಳುತ್ತದೆ. ದಿನವೆಲ್ಲ ಲೆಜ್ಜರಿನ ಅಂಕಿಗಳನ್ನು ಕೂಡಿ ಕಳೆದು ಬಂದ ನಮ್ಮಂಥ ಗುಮಾಸ್ತರಿಗೆ ಇದರಲ್ಲಿ ದೊರೆಯುವ ಸಮಾಧಾನವೇ ಬೇರೆ. ಎಳೆ ತುಂಡಾದರೂ ಗಂಟು ಹಾಕಬೇಕಾಗಿಲ್ಲ. ತುದಿಯ ಹುರಿಯನ್ನು ತುಸು ಬಿಚ್ಚಿ ಹಂಜಿಗೆ ತಾಗಿಸಿ ರಾಟೆ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಊರು ಬಿಟ್ಟು ಬಂದವರ ಮನೆಗಳಲ್ಲಿ ಮಕ್ಕಳ ಕನ್ನಡವನ್ನು ಕೂಡಿಸುವ ಬಗೆಯೂ ಇದೇ ಅಲ್ಲವೆ?

1924ರ ಡಿಸೆಂಬರಿನ ಬೆಳಗಾವಿಯನ್ನು ನೆನೆಯೋಣ. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಆ ಕಾಂಗ್ರೆಸ್ ಅಧಿವೇಶನವು, ಸದಸ್ಯರಾದವರು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ನಿಯಮವನ್ನು ಒಪ್ಪಿತು. ದಿನಕ್ಕೆ ಸುಮಾರು 67 ಗಜವಾಯಿತು. ಅದೇ ಸಮಯದಲ್ಲಿ ಅಲ್ಲಿಯೇ ಕರ್ನಾಟಕ ಏಕೀಕರಣದ ಪರಿಷತ್ತೂ ಸೇರಿತು. ನೂಲಿನ ನಿಯಮ ಮರುವರ್ಷವೇ ಸಡಿಲವಾಯಿತು. ಏಕೀಕರಣದ ಎಳೆ ಮಾತ್ರ ತುಂಡಾಗದೆ 1956ರ ನವೆಂಬರ್ 1ನ್ನು ಮುಟ್ಟಿತು.

ಹತ್ತಿಯಂತೆಯೇ ಉಣ್ಣೆ. ನಮ್ಮ ಕಡೆ ಕುರುಬರ ಮನೆಯ ಹೆಂಗಸರು ನೂತ ಕರಿಯುಣ್ಣೆಯಿಂದ ಕಂಬಳಿ ನೇಯ್ದು ಹುಣಿಸೆಬೀಜದ ಗಂಜಿ ಹಚ್ಚುತ್ತಾರೆ. ತೆಲಂಗಾಣದ ಕುರುಮರಲ್ಲಿ ಅದೇ ಗೊಂಗಡಿ. ದಖನ್ನಿನ ಕುರಿಗೆ ಗಡಿಯಿಲ್ಲ. ಆದರೆ ಉಣ್ಣೆಗೆ ಬೆಲೆಯಿಲ್ಲದೆ, ಮಾಂಸಕ್ಕೆಂದೇ ಉಣ್ಣೆಯಿಲ್ಲದ ಕುರಿಗಳನ್ನು ಸಾಕುವುದು ಎರಡೂ ಕಡೆ ಹೆಚ್ಚಿದೆ. ಕುರಿ ಹೋದರೆ ನೂಲುವ ಕೈಯೂ ಸುಮ್ಮನಾಗುತ್ತದೆ.

ಹತ್ತಿ ನೂಲಿಗೂ ಇಂಥದೇ ಕಷ್ಟ ಬಂದಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರಿನಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜ ತಯಾರಿಸುತ್ತದೆ. ಅದರ ಖಾದಿ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ, ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲಿ, ಸಿದ್ಧವಾಗುತ್ತದೆ. ದೊಡ್ಡ ಕಟ್ಟಡಗಳ ಮೇಲೆ ಹಾರುವ ಬಾವುಟದಲ್ಲಿ ನಮ್ಮ ಅಕ್ಕತಂಗಿಯರ ಕೈನೂಲಿದೆ ಎಂಬುದು ಹೆಮ್ಮೆಯ ಮಾತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಕೊಡಲಾಯಿತು. ಅಗ್ಗದ ಬಾವುಟ ಮನೆಮನೆಗೆ ಬಂದಿತು, ನಿಜ. ಆದರೆ ನೂಲುವವರ ಅನ್ನದ ಲೆಕ್ಕವನ್ನು ಯಾರು ಬರೆಯಬೇಕು?

ಮರುಕಪಟ್ಟು ಸುಮ್ಮನಿದ್ದರೆ ಫಲವಿಲ್ಲ. ನಾವು ಮಾಡಬಹುದಾದುದು ಸಣ್ಣದು, ಆದರೆ ಸಾಧ್ಯವಾದುದು. ವರ್ಷಕ್ಕೊಂದು ಕೈನೂಲಿನ ಬಟ್ಟೆಯನ್ನೋ ಕಂಬಳಿಯನ್ನೋ ಕೊಳ್ಳೋಣ. ಸಂಘದ ಮೇಲೆ ಹಾರಿಸುವ ಧ್ವಜ ಖಾದಿಯದೇ ಆಗಿರಲಿ. ರಜೆಯ ದಿನ ಮಕ್ಕಳ ಕೈಗೊಂದು ತಕಲಿ, ಹಿಡಿಯಷ್ಟು ಅರಳೆ ಕೊಟ್ಟು ಜೊತೆಯಲ್ಲಿ ಕೂಡೋಣ. ಹಂಜಿ, ಕದಿರು, ಎಳೆ, ಹುರಿ ಎಂಬ ಮಾತುಗಳು ಆಗ ಪುಸ್ತಕವಿಲ್ಲದೆಯೇ ಅವರ ನಾಲಗೆಗೆ ಬರುತ್ತವೆ. ಗಜ ನೂಲಿಗೆ ಹತ್ತು ಸಲ ತುಂಡಾದರೂ ಚಿಂತೆಯಿಲ್ಲ; ಕೂಡಿಸುವುದನ್ನು ಕಲಿತರೆ ಸಾಕು.