ಕೇಳುಗರ ಪಂಕ್ತಿ

(ಮುಂಬಯಿಯಲ್ಲಿ ಸಂಗೀತಪ್ರಿಯರ ಇರುಳುಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಲ್ಲಿ ಸೇರಿರುವ ಬಹುಮಂದಿ ಒಬ್ಬರನ್ನೊಬ್ಬರು ಬಲ್ಲವರು, ಆದರೆ ಕಂಡವರಲ್ಲ. ಪುಣೆಯವರೊಬ್ಬರು ಹಳೆಯ ಧ್ವನಿಮುದ್ರಿಕೆಯೊಂದನ್ನು ಕಳಿಸುತ್ತಾರೆ. ಹೈದರಾಬಾದಿನವರೊಬ್ಬರು ಅದರ ರಾಗದ ಬಗ್ಗೆ ತಕರಾರು ತೆಗೆಯುತ್ತಾರೆ. ದೆಹಲಿಯಿಂದ ಮೂರನೆಯವರು ಇಬ್ಬರನ್ನೂ ತಿದ್ದಲು ಮುಂದಾಗುತ್ತಾರೆ. ಅಂಗೈಯಗಲದ ತೆರೆಯ ಮೇಲೆ ವರ್ಷಗಟ್ಟಲೆ ಹೀಗೆ ಜಗಳವಾಡಿದವರಿಗೆ, ಒಂದು ಇರುಳಾದರೂ ಒಂದೇ ಜಮಖಾನದ ಮೇಲೆ ಕುಳಿತು ಕೇಳೋಣ, ಒಟ್ಟಿಗೆ ಉಣ್ಣೋಣ ಎಂಬ ಬಯಕೆ ಹುಟ್ಟಿದೆ. ಈ ಬಯಕೆಯ ಹಿಂದೆ ಏನಿದೆ ಎಂಬುದನ್ನು ಸ್ವಲ್ಪ ವಿಚಾರಿಸಬೇಕೆಂದು ನನ್ನ ಅಪೇಕ್ಷೆ.

ಯಂತ್ರವು ಮೆಹಫಿಲನ್ನು ಕೊಂದಿತು, ಕಿವಿಗೆ ಸಿಕ್ಕಿಸಿಕೊಳ್ಳುವ ಗುಂಡಿಗಳು ಕೇಳುಗನನ್ನು ಒಂಟಿಯಾಗಿಸಿದವು ಎಂಬ ಹಳಹಳಿಕೆ ನಮ್ಮ ವಿದ್ವತ್ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದನ್ನು ಪೂರ್ತಿಯಾಗಿ ಒಪ್ಪಲು ನಾನು ಸಿದ್ಧನಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗ (ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ಕಣ್ಮುಚ್ಚಿದ ಗೌಹರ್ ಜಾನ್ ಇವರೇ) ಅದುವರೆಗೆ ಅರಮನೆ, ಶ್ರೀಮಂತರ ದಿವಾನಖಾನೆ ಮತ್ತು ಕೋಠಿಗಳಲ್ಲಿ ಉಳಿದಿದ್ದ ದನಿ ಬೀದಿಗೆ ಬರುವ ದಾರಿ ತೆರೆಯಿತು. ಗಂಟೆಗಟ್ಟಲೆ ಬೆಳೆಯಬೇಕಾದ ರಾಗವನ್ನು ಮೂರು ಚಿಲ್ಲರೆ ನಿಮಿಷಕ್ಕೆ ಹಿಂಡಿದ್ದು ನಿಜ. ಆದರೆ ದಿವಾನಖಾನೆಯ ಹೊಸ್ತಿಲು ತುಳಿಯಲಾಗದವನ ಕಿವಿಗೆ ಆ ಮೂರು ನಿಮಿಷಗಳೇ ಒಂದು ಸಾಮ್ರಾಜ್ಯ.

ಗದಗಿನ ಹುಡುಗನ ಕಥೆ ನಿಮಗೆಲ್ಲ ಗೊತ್ತು. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನ್ ಸಾಹೇಬರ ತಟ್ಟೆ ತಿರುಗುತ್ತಿತ್ತು. ಅದನ್ನು ಕೇಳಿದ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ಎಳೆ ಹರೆಯದಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಗ್ವಾಲಿಯರ್, ಕಲಕತ್ತೆ, ಜಾಲಂಧರ ಎಂದು ಉತ್ತರವನ್ನೆಲ್ಲ ಸುತ್ತಿದ ಮೇಲೆ ಗುರು ಸಿಕ್ಕಿದ್ದು ಮನೆಯಿಂದ ಹೆಚ್ಚು ದೂರವಲ್ಲದ ಕುಂದಗೋಳದಲ್ಲಿ. ಆ ಖಾನ್ ಸಾಹೇಬರದೇ ಶಿಷ್ಯ, ಸವಾಯಿ ಗಂಧರ್ವರೆಂದು ಹೆಸರಾದ ರಾಮಚಂದ್ರ ಕುಂದಗೋಳಕರರಲ್ಲಿ. ವಿವರಗಳಲ್ಲಿ ಪಾಠಾಂತರಗಳಿವೆ, ಇರಲಿ. ನಾನು ಗಮನಿಸಬಯಸುವುದು ಇಷ್ಟು: ದೇಹವಿಲ್ಲದ ದನಿಯೊಂದು ದೇಹವುಳ್ಳ ಮನುಷ್ಯರ ಸಂಗಕ್ಕಾಗಿ ಹಸಿವನ್ನು ಹುಟ್ಟಿಸಿತು. ಯಂತ್ರ ಆ ಹಸಿವನ್ನು ತಣಿಸಲಾರದು. ಆದರೆ ಅದನ್ನು ಕೆರಳಿಸಿದ ಶ್ರೇಯಸ್ಸನ್ನು ಅದಕ್ಕೆ ನಿರಾಕರಿಸುವುದು ಕೃತಘ್ನತೆಯಾದೀತು.

ಹಾಗಾದರೆ ಕೂಟದಲ್ಲಿ ಸಿಕ್ಕುವ ಹೆಚ್ಚಿನದೇನು? ಹಾಡುಗ ಕೇಳುಗನ ಮುಖವನ್ನು ಓದುತ್ತಾನೆ. ಆವರ್ತನದ ಕೊನೆಯಲ್ಲಿ ಎಲ್ಲೆಲ್ಲೋ ಅಲೆದ ತಾನು ಸಮ್‌ಗೆ ಬಂದಿಳಿಯುವಾಗ ಎದುರಿನ ಮೂವತ್ತು ತಲೆಗಳು ತಾವಾಗಿಯೇ ತೂಗುತ್ತವೆ. ಆ ತೂಗುವಿಕೆ ಮುಂದಿನ ಆವರ್ತನವನ್ನು ಬೇರೆಯಾಗಿಸುತ್ತದೆ. ತಪ್ಪು ಜಾಗದಲ್ಲಿ 'ವಾಹ್' ಎಂದವನನ್ನು ಪಕ್ಕದವರು ನೋಡುವ ನೋಟವೂ ಒಂದು ಶಿಕ್ಷಣವೇ. ಮಲ್ಲಿಕಾರ್ಜುನ ಮನ್ಸೂರರು ಅಪರೂಪದ ಜೋಡುರಾಗಗಳನ್ನು ಎತ್ತಿಕೊಂಡರೆ ಮುಂದಿನ ಸಾಲಿನಲ್ಲಿ ಪಿಸುಮಾತಿನ ಪಂಚಾಯಿತಿಯೇ ನಡೆಯುತ್ತಿತ್ತು. ತೆರೆಯ ಮೇಲೆ ಇಂಥ ಚರ್ಚೆ ನಡೆದಾಗ ಇಬ್ಬರೂ ತಮ್ಮ ಪಟ್ಟು ಬಿಡುವುದಿಲ್ಲ. ಜಮಖಾನದ ಮೇಲೆ, ಹಾಡು ಮುಂದುವರಿಯುತ್ತಿರುವುದರಿಂದ, ಒಬ್ಬರಾದರೂ ಸುಮ್ಮನಾಗಲೇಬೇಕಾಗುತ್ತದೆ.

ಇನ್ನು ಇರುಳಿನ ಮಾತು. ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಭೀಮಸೇನರು ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ಮುಂದೆ ಸಾವಿರಾರು ಕೇಳುಗರ ಅಹೋರಾತ್ರಿಯ ಕೂಟವಾಗಿ ಬೆಳೆಯಿತು. ಡಿಸೆಂಬರಿನ ಚಳಿಯಲ್ಲಿ ಶಾಲು, ಕಂಬಳಿ, ಬುತ್ತಿಯ ಡಬ್ಬಿಗಳೊಂದಿಗೆ ಸಂಸಾರಸಮೇತ ಬಂದು ಕೂರುವವರು, ಬಯಲಿನ ಅಂಚಿನಲ್ಲಿ ಚಹಾ ಹೀರುತ್ತ ಘರಾಣೆಗಳ ಬಗ್ಗೆ ವಾದಿಸುವವರು, ಮಾಲಕಂಸ ಮುಗಿಯುವಷ್ಟರಲ್ಲಿ ಗೊರಕೆ ಹೊಡೆದು ಲಲಿತಕ್ಕೆ ಸರಿಯಾಗಿ ಎಚ್ಚರಗೊಳ್ಳುವವರು, ಎಲ್ಲರೂ ಅಲ್ಲಿದ್ದರು. ಉತ್ಸವದ ಕೊನೆಗೆ ಸವಾಯಿ ಗಂಧರ್ವರ ಭೈರವಿಯ ಹಳೆಯ ತಟ್ಟೆಯನ್ನು ಕೇಳಿಸುವ ರೂಢಿಯೂ ಬಂತು. ಅಷ್ಟು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ಯಂತ್ರವೊಂದನ್ನು ಕೇಳುವುದೆಂದರೆ ಯಂತ್ರಕ್ಕೂ ಕೂಟಕ್ಕೂ ವೈರವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2000ದಲ್ಲಿ ಕೇಂದ್ರ ಸರಕಾರ ಶಬ್ದಮಾಲಿನ್ಯ ನಿಯಂತ್ರಣದ ನಿಯಮಗಳನ್ನು ಹೊರಡಿಸಿತು. ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಉತ್ಸವಗಳಿಗೆಂದು ರಾಜ್ಯ ಸರಕಾರ ನಡುರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅಹೋರಾತ್ರಿಯ ಸಂಗೀತ ಪುಣೆಯ ಬಯಲಿನಿಂದ ಎದ್ದುಹೋಯಿತು. ನಮ್ಮಲ್ಲಿ ಹಲವರು ಕಾನೂನನ್ನು ಶಪಿಸುತ್ತಾರೆ; ನಾನು ಶಪಿಸಲಾರೆ. ಪಕ್ಕದ ಚಾಳಿನ ರೋಗಿಗೆ, ಬೆಳಗಿನ ಪಾಳಿಗೆ ಹೋಗುವ ಕಾರ್ಮಿಕನಿಗೆ ದರಬಾರಿಯೂ ಗದ್ದಲವೇ. ಆದರೆ ನಷ್ಟವಾಗಲಿಲ್ಲವೆಂದೂ ಹೇಳಲಾರೆ. ರಾಗಕ್ಕೆ ಹೊತ್ತಿನ ಕಟ್ಟು ಇದೆಯೆಂದು ನಂಬಿದ ಪರಂಪರೆಯೊಂದರಲ್ಲಿ ನಡುರಾತ್ರಿಯಿಂದ ನಸುಕಿನವರೆಗಿನ ರಾಗಗಳು ಮನೆಯಿಲ್ಲದವಾದವು. ಲಲಿತವನ್ನು ಈಗ ಎಷ್ಟೋ ಮಂದಿ ಮಧ್ಯಾಹ್ನ ಲೋಕಲ್ ಗಾಡಿಯಲ್ಲಿ ನೇತಾಡುತ್ತ ಕೇಳುತ್ತಾರೆ.

ಗಮನಿಸಬೇಕಾದ ಅಂಶವೆಂದರೆ ಆ ನಿಯಮ ಮುಚ್ಚಿದ ಸಭಾಂಗಣವನ್ನು ತಡೆಯುವುದಿಲ್ಲ. ಇರುಳು ನಮಗೆ ಪೂರ್ತಿ ತಪ್ಪಿಹೋಗಿಲ್ಲ. ತಪ್ಪಿದ್ದು ಅಗ್ಗದ ಬಯಲು. ಸಭಾಂಗಣದ ಬಾಡಿಗೆ ಕೊಡಬಲ್ಲವರು ಪ್ರಾಯೋಜಕರು, ಪ್ರಾಯೋಜಕರಿಗೆ ಬೇಕಾದದ್ದು ಹೆಸರುವಾಸಿಗಳು. ಹೀಗಾಗಿ ಮೂವತ್ತು ಜನ ಹಿಡಿಸುವ ಕೋಣೆ, ಒಂದು ತಂಬೂರಿ, ಧ್ವನಿವರ್ಧಕವಿಲ್ಲದ ಹಾಡುಗಾರಿಕೆ ಎಂಬ ಈ ಬೈಠಕ್ಕಿನ ಏರ್ಪಾಡು ನನಗೆ ಬರಿಯ ಹಳೆಯ ಹಂಬಲವಾಗಿ ಕಾಣುವುದಿಲ್ಲ. ಮಾರುಕಟ್ಟೆಯನ್ನು ಬಳಸಿ ಹೋಗುವ ಕಾಲುದಾರಿಯಾಗಿಯೂ ಕಾಣುತ್ತದೆ.

ಈಗ ಸ್ವಲ್ಪ ಅಹಿತವಾದ ವಿಷಯಕ್ಕೆ ಬರುತ್ತೇನೆ. ಒಟ್ಟಿಗೆ ಕೇಳುವುದು ಸುಲಭ, ಒಟ್ಟಿಗೆ ಉಣ್ಣುವುದು ನಮ್ಮ ದೇಶದಲ್ಲಿ ಸುಲಭವಾಗಿರಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಸಮ್ಮುಖದಲ್ಲಿ, ಎಳೆಯ ಗಂಗೂಬಾಯಿ ಹಾಡಿದರು. ಹಾಡಲು ಅವರಿಗೆ ಅಂಜಿಕೆಯಿರಲಿಲ್ಲ; ಊಟದ ಹೊತ್ತಿಗೆ ತನಗೇನು ಕಾದಿದೆಯೋ ಎಂಬುದೇ ಆ ಹುಡುಗಿಯ ಅಂಜಿಕೆಯಾಗಿತ್ತು. ಬಾಲ್ಯದಲ್ಲಿ ನೆರೆಯವರ ತೋಟದ ಮಾವು ಕೀಳಲು ಹೋದಾಗ, ಹಣ್ಣು ಕದ್ದದ್ದಕ್ಕಿಂತ ಹಾಡುವವಳ ಮಗಳು ತೋಟಕ್ಕೆ ಕಾಲಿಟ್ಟದ್ದೇ ದೊಡ್ಡ ಅಪರಾಧವಾಯಿತೆಂದೂ, ಮುಂದೆ ಅದೇ ಜನ ತಮ್ಮನ್ನು ಮುಖ್ಯ ಅತಿಥಿಯಾಗಿ ಆಹ್ವಾನಿಸಿದರೆಂದೂ ಅವರು ನೆನೆದುಕೊಂಡದ್ದುಂಟು. ಕಂಠವನ್ನು ಒಪ್ಪಿಕೊಂಡು ಕಂಠವುಳ್ಳವಳನ್ನು ಹೊರಗಿಡುವ ಕಲೆಯಲ್ಲಿ ನಮ್ಮ ಸಮಾಜ ಪಾರಂಗತವಾಗಿತ್ತು.

ತೆರೆಯ ಮೇಲಿನ ನಿಮ್ಮ ಸ್ನೇಹದಲ್ಲಿ ಒಂದು ಆಕಸ್ಮಿಕ ಸಮಾನತೆಯಿತ್ತು. ಮಾರ್ವಾದ ಬಗ್ಗೆ ನಿಮ್ಮನ್ನು ತಿದ್ದಿದವರು ಯಾರು, ಏನು ತಿನ್ನುತ್ತಾರೆ, ಯಾವ ಮಠಕ್ಕೆ ನಡೆದುಕೊಳ್ಳುತ್ತಾರೆ ಎಂಬುದು ನಿಮಗೆ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಬೀಳಲಿಲ್ಲ. ಮುಖಾಮುಖಿಯಾದ ಐದೇ ನಿಮಿಷಕ್ಕೆ ನಮ್ಮ ಹೊರನಾಡ ಕನ್ನಡ ಕೂಟಗಳಲ್ಲಿ ಏಳುವ ಪ್ರಶ್ನೆ ಯಾವುದೆಂದು ನಿಮಗೆ ಗೊತ್ತು. 'ತಾವು ಯಾವ ಕಡೆಯವರು?' ಎಂಬಲ್ಲಿಂದ ಹೊರಟು ಅಡ್ಡಹೆಸರಿಗೆ, ಅಲ್ಲಿಂದ 'ಹಾಗಾದರೆ ನಮ್ಮವರೇ' ಎಂಬಲ್ಲಿಗೆ ಅದು ತಲುಪುತ್ತದೆ. ಉಳಿದವರು ಯಾರವರು? ಅಕ್ಕರೆಯಿಂದಲೇ ಕೇಳುವ ಈ ಪ್ರಶ್ನೆಯನ್ನು ಈ ಒಂದು ರಾತ್ರಿ ಕೇಳದಿರಲು ಸಾಧ್ಯವೇ ಎಂದು ನೋಡಿ.

ನಮ್ಮ ಮತ್ತೊಂದು ಹೆಮ್ಮೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಕಿರಾಣಾ ನಮ್ಮದು, ಧಾರವಾಡದ್ದು ಎನ್ನುತ್ತೇವೆ. ಕೈರಾನಾ ಇರುವುದು ಉತ್ತರ ಪ್ರದೇಶದಲ್ಲಿ. ಅಲ್ಲಿಂದ ಬಂದ ಮುಸಲ್ಮಾನ ಗುರು ಮಿರಜಿನಲ್ಲಿ ನೆಲೆಸಿದರು. ಕುಂದಗೋಳದ ಶಿಷ್ಯ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದರು. ಆ ಶಿಷ್ಯನ ಶಿಷ್ಯರಲ್ಲಿ ಹುಬ್ಬಳ್ಳಿಯ ಗಂಗೂಬಾಯಿಯೂ ಇದ್ದರು, ಮುಂಬಯಿಯ ಪಾರ್ಸಿ ಫಿರೋಜ್ ದಸ್ತೂರರೂ ಇದ್ದರು. ಇದರಲ್ಲಿ 'ನಮ್ಮದು' ಎಂಬ ಗೆರೆಯನ್ನು ಎಲ್ಲಿ ಎಳೆದರೂ ಯಾರಾದರೊಬ್ಬರು ಒಳ್ಳೆಯ ಹಾಡುಗರು ಹೊರಗುಳಿಯುತ್ತಾರೆ.

ಕೊನೆಯದಾಗಿ ಒಂದೆರಡು ವ್ಯವಹಾರದ ಮಾತು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಪಾಠ ಹೇಳಿಸಿಕೊಂಡವರು. ಹೆಣ್ಣುಮಕ್ಕಳಿಗೆ ಸಂಗೀತದಷ್ಟೇ ಮುಖ್ಯವಾದದ್ದು ಮರಳುವ ಗಾಡಿ. ಈ ನಗರದ ಕೊನೆಯ ಲೋಕಲ್ಲು ರಾತ್ರಿ ಒಂದರ ಆಸುಪಾಸಿಗೆ, ಮೊದಲನೆಯದು ನಾಲ್ಕರ ಆಸುಪಾಸಿಗೆ. ಹಿಂದಿನ ಗುಮಾಸ್ತ ರಸಿಕರು ಕೊನೆಯ ಗಾಡಿಯನ್ನು ಬೇಕೆಂದೇ ತಪ್ಪಿಸಿಕೊಂಡು ಮೊದಲ ಗಾಡಿಯವರೆಗೆ ಕೇಳುತ್ತಿದ್ದರು. ಆ ಮೂರು ಗಂಟೆ ಎಲ್ಲರಿಗೂ ನಿಶ್ಚಿಂತೆಯದಾಗುವಂತೆ ಏರ್ಪಾಡು ಮಾಡಿದರೆ ಮಾತ್ರ ಇರುಳುಕೂಟದಲ್ಲಿ ಹೆಂಗಸರ ಸಂಖ್ಯೆ ಹೆಚ್ಚೀತು. ಮುಂದಿನ ಕೂಟದ ಕಾರ್ಯದರ್ಶಿಗಳು ಕಲಾವಿದರನ್ನು ಗೊತ್ತುಮಾಡುವ ಮೊದಲು ಇದನ್ನು ಗೊತ್ತುಮಾಡಲಿ. ಅಡುಗೆಯನ್ನು ಗುತ್ತಿಗೆಗೆ ಕೊಡದೆ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಪದಾರ್ಥ ತರಲಿ, ಯಾರ ಮನೆಯದೆಂದು ಚೀಟಿ ಅಂಟಿಸದೆ ಇಡಲಿ ಎಂಬುದೂ ನನ್ನ ಸೂಚನೆ.

ತಂಬೂರಿಯ ಶ್ರುತಿ ಕೂಡಿದಂತೆ ಕಾಣುತ್ತದೆ. ಊಟ ಮೊದಲ ಬೈಠಕ್ಕಿನ ನಂತರ. ಬಡಿಸಲು ಇನ್ನೂ ಇಬ್ಬರು ಬೇಕೆಂದು ಕಾರ್ಯದರ್ಶಿಗಳು ಆಗಲೇ ಸನ್ನೆ ಮಾಡುತ್ತಿದ್ದಾರೆ. ಒಬ್ಬ ನಾನಿದ್ದೇನೆ.