ಸಣ್ಣ ಮನೆಗೆ ನಕ್ಷೆಯಲ್ಲಿ ಜಾಗ

(ಮುದ್ದೇಬಿಹಾಳದಲ್ಲಿ ನೀಡಿದ ದತ್ತಿ ಉಪನ್ಯಾಸ)



ತಲೆಯ ಮೇಲೊಂದು ಸೂರು ಬೇಕೆನ್ನುವುದು ಬಡವರ ಮೊದಲ ಚಿಂತೆ. ಆ ಸೂರು ಎಲ್ಲಿರಬೇಕು, ಎಷ್ಟಿರಬೇಕು ಎಂದು ತೀರ್ಮಾನಿಸುವುದು ಕಚೇರಿಯ ನಕ್ಷೆ. ಇಂದು ಆ ನಕ್ಷೆಯ ಬಗ್ಗೆಯೇ ಮಾತಾಡುತ್ತೇನೆ.

1. ಅಂಕಣದ ಲೆಕ್ಕ

ನಮ್ಮ ಸೀಮೆಗೆ ಸಣ್ಣ ಮನೆ ಹೊಸದಲ್ಲ. ಮಾಳಿಗೆ ಮನೆಯನ್ನು ಹಿರಿಯರು ಅಂಕಣದ, ಅಂದರೆ ಕಂಬಗಳ ನಡುವಿನ ಜಾಗದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಕೈಯಲ್ಲಿ ದುಡ್ಡಿದ್ದಷ್ಟು ಕಂಬ ನಿಲ್ಲಿಸಿ, ತೊಲೆ ಜಂತಿ ಹಾಕಿ, ಮೇಲೆ ಮಣ್ಣು ಬಡಿದು ಎರಡಂಕಣದಲ್ಲಿ ಸಂಸಾರ ಹೂಡುತ್ತಿದ್ದರು. ಸುಗ್ಗಿ ಚಲೋ ಆದ ವರ್ಷ ಇನ್ನೊಂದು ಅಂಕಣ ಕೂಡುತ್ತಿತ್ತು. ಪಕ್ಕದ ಮನೆಗೂ ನಮಗೂ ನಡುವಿನ ಗೋಡೆ ಒಂದೇ. ಬೆಳಕು ಮೇಲಿನ ಬೆಳಕಿಂಡಿಯಿಂದ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಾಡಿನಲ್ಲಿ ಬಿಸಿಲಿಗೆ ಒಡ್ಡಿದ ಗೋಡೆ ಕಡಿಮೆಯಾದಷ್ಟೂ ಒಳಗೆ ತಂಪು. ಆ ಮನೆಗಳಲ್ಲಿ ಒಲೆಯ ಹೊಗೆ ಇತ್ತು, ಶೌಚಾಲಯ ಇರಲಿಲ್ಲ, ಅವನ್ನು ಹೊಗಳಬೇಕಿಲ್ಲ. ಆದರೆ ಸಂಸಾರದ ಜೊತೆಗೇ ಮನೆಯೂ ಬೆಳೆಯಲಿ ಎನ್ನುವ ತಿಳಿವಳಿಕೆ ಅಲ್ಲಿತ್ತು.

2. ಇಪ್ಪತ್ತು–ಮೂವತ್ತರ ನಿವೇಶನ

ಈಗಿನ ಲೆಕ್ಕ ನೋಡಿ. ಕೂಲಿಕಾರ ಕುಟುಂಬವೊಂದಕ್ಕೆ 20×30 ಅಡಿಯ ನಿವೇಶನ ಸಿಕ್ಕಿತೆನ್ನೋಣ. ಅದು 600 ಚದರಡಿ. ನಾಲ್ಕೂ ಕಡೆ ಮೂರು ಮೂರು ಅಡಿ ಬಿಡಬೇಕೆಂದರೆ ಕಟ್ಟಲು ಉಳಿಯುವುದು 14×24, ಅಂದರೆ 336 ಚದರಡಿ. ನೂರಕ್ಕೆ 44ರಷ್ಟು ನೆಲ ಹೋಯಿತು. ಗೋಡೆಯ ದಪ್ಪ ಕಳೆದರೆ ಇನ್ನೂ ಕಡಿಮೆ. ಆ ಮೂರಡಿಯ ಸಂದಿಯಲ್ಲಿ ಮಂಚ ಹಾಕಲಾಗದು, ಮಕ್ಕಳು ಆಡಲಾಗದು. ಅದೇ ನಿವೇಶನದಲ್ಲಿ ಎರಡು ಬದಿಯ ಗೋಡೆ ಕೂಡಿಸಿ, ಮುಂದೆ ಐದಡಿ, ಹಿಂದೆ ಐದಡಿ ಬಿಟ್ಟರೆ 400 ಚದರಡಿ ದಕ್ಕುತ್ತದೆ. ಮುಂದಿನಿಂದ ಹಿಂದಕ್ಕೆ ಗಾಳಿಯೂ ಆಡುತ್ತದೆ.

ಸಣ್ಣದು ಎಂಬ ಕಾರಣಕ್ಕೇ ಮನೆ ಕಾನೂನುಬಾಹಿರವಾಗುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದೇ ಕೋಣೆಯ ಮನೆಯಲ್ಲಿ ಆ ಕೋಣೆಗೆ ಕೇಳುವುದು 9.5 ಚದರ ಮೀಟರ್, ಸುಮಾರು 102 ಚದರಡಿ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್ ಇದ್ದರೆ ಸಾಕೆನ್ನುತ್ತದೆ. ಬಡವರು ಎಡವುವುದು ನಿವೇಶನದ ಅಳತೆ, ಬಿಡುವ ಜಾಗ, ಕಾಗದಪತ್ರ ಈ ಮೂರರಲ್ಲಿ. ಹೊಲದ ಅಂಚಿನಲ್ಲಿ ಮನೆ ಹಾಕಿದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಅಂದರೆ ಎನ್‌ಎ ಆಗಬೇಕು. ಪಟ್ಟಣದೊಳಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ನಕ್ಷೆ ಒಪ್ಪಬೇಕು. ಎನ್‌ಎ ಆದ ಪ್ಲಾಟಿನ ಬೆಲೆ ಕೂಲಿಯವನ ಕೈಗೆ ಎಟುಕದು. ಎಟುಕುವ ಪ್ಲಾಟಿಗೆ ಆಸ್ತಿಯ ದಾಖಲೆಯಾದ ಉತಾರ ಸಿಗದು, ಉತಾರ ಇಲ್ಲದೆ ಬ್ಯಾಂಕು ಸಾಲ ಕೊಡದು.

3. ತಾಂಡಾದ ಪಾಠ

ಈ ಗಂಟು ಬಿಡಿಸಬಹುದೆಂಬುದಕ್ಕೆ ನಮ್ಮ ವಿಜಯಪುರ ಜಿಲ್ಲೆಯೇ ಸಾಕ್ಷಿ. ಲಂಬಾಣಿ ತಾಂಡಾಗಳಲ್ಲಿ ತಲೆಮಾರುಗಳಿಂದ ವಾಸವಿದ್ದವರಿಗೆ ಕಾಲಡಿಯ ನೆಲದ ಹಕ್ಕು ಇರಲಿಲ್ಲ. ದಾಖಲೆಯಲ್ಲಿ ತಾಂಡಾ ಊರೇ ಆಗಿರಲಿಲ್ಲ. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ ಈ ಐದು ಜಿಲ್ಲೆಗಳ ಇಂಥ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಲಾಯಿತು. ಮನೆ ಇದ್ದಲ್ಲೇ ಇತ್ತು. ಬದಲಾದದ್ದು ಸರಕಾರದ ದಾಖಲೆ.

4. ಗುಳೆ ಹೋದವರ ಶೆಡ್ಡು

ನಮ್ಮ ತಾಲೂಕಿನಿಂದ ಗುಳೆ ಹೋದವರು ಬೆಂಗಳೂರು, ಗೋವಾಗಳಲ್ಲಿ ಹತ್ತು–ಹನ್ನೆರಡು ಅಡಿಯ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ನಕ್ಷೆಯಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಳಿದವರು ಆ ಶೆಡ್ಡಿಗೆ ಯಾವ ಬಣ್ಣವನ್ನೂ ಕೊಟ್ಟಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಅಂಥ ಶೆಡ್ಡುಗಳನ್ನು ಕೆಡವಿದಾಗ, ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ಹೈಕೋರ್ಟು ನಡುವೆ ಬರಬೇಕಾಯಿತು. ಮುಂಬೈಯ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ 1985ರಲ್ಲಿಯೇ ಸುಪ್ರೀಂ ಕೋರ್ಟು, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತ್ತು. ಆ ಜೋಪಡಿಗಳು ಕೆಲಸದ ಹತ್ತಿರವೇ ಏಕಿದ್ದವೆಂಬುದನ್ನೂ ನ್ಯಾಯಾಲಯ ಗಮನಿಸಿತ್ತು. ನಗರ ಕಟ್ಟಲು ಕರೆದವರಿಗೆ ಆ ನಗರದಲ್ಲಿ ಮಲಗಲು ಜಾಗವಿಲ್ಲದಿದ್ದರೆ ಅದು ನಗರದ ನಕ್ಷೆ ಮಾಡಿದವರ ತಪ್ಪು, ಶೆಡ್ಡು ಹಾಕಿದವನ ತಪ್ಪಲ್ಲ.

5. ಏನು ಮಾಡಬೇಕು

ಬೇರೆ ದಾರಿ ತೋರಿಸಿದವರು ಇದ್ದಾರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಬಾಗಲಕೋಟೆಯವರಿಗಾಗಿ ನವನಗರ ಯೋಜಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅವರೇ 1980ರ ದಶಕದಲ್ಲಿ ನವಿ ಮುಂಬೈಯ ಬೇಲಾಪುರದಲ್ಲಿ, ಸುಮಾರು 45 ಚದರ ಮೀಟರಿನಿಂದ ಶುರುವಾಗುವ ನಿವೇಶನಗಳಲ್ಲಿ, ಒಂದು ಕೋಣೆಯಿಂದ ಆರಂಭಿಸಿ ಬೇಕಾದಂತೆ ಬೆಳೆಸಿಕೊಳ್ಳುವ ಮನೆಗಳನ್ನು ಮಾಡಿ ತೋರಿಸಿದರು. ನಮ್ಮ ಅಜ್ಜಂದಿರ ಅಂಕಣದ ಲೆಕ್ಕ ಅದೇ ಅಲ್ಲವೆ?

ಆದ್ದರಿಂದ ನನ್ನ ಬೇಡಿಕೆ ಮೂರು. ಸಣ್ಣ ನಿವೇಶನದಲ್ಲಿ ಬದಿಯ ಗೋಡೆ ಕೂಡಿಸಿ ಕಟ್ಟಲು, ವರ್ಷದಿಂದ ವರ್ಷಕ್ಕೆ ಬೆಳೆಸಲು ಒಂದೇ ಪರವಾನಿಗೆ ಸಾಕಾಗಲಿ. ಹೊಸ ಬಡಾವಣೆ ಒಪ್ಪುವಾಗ ಸಣ್ಣ ನಿವೇಶನಗಳ ಜಾಗವನ್ನು ಮೊದಲು ಗುರುತಿಸಲಿ, ಅದು ಸಂತೆ, ಶಾಲೆ, ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರವಿರಲಿ. ನೀರು, ಗಾಳಿ, ಬೆಳಕು, ಚರಂಡಿ, ಶೌಚಾಲಯ, ಬೆಂಕಿಬಂಡಿ ಬರುವ ದಾರಿ ಇವುಗಳಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ; ಬಡವರ ಮಕ್ಕಳ ಜೀವಕ್ಕೆ ಕಡಿಮೆ ದರ್ಜೆಯ ನಿಯಮ ಸಲ್ಲದು.

ಮುದ್ದೇಬಿಹಾಳ, ತಾಳಿಕೋಟೆಗಳು ಇನ್ನೂ ಕೈಮೀರಿ ಬೆಳೆದಿಲ್ಲ. ಬೆಂಗಳೂರು ಮಾಡಿದ ತಪ್ಪು ಇಲ್ಲಿ ಆಗದಂತೆ ತಡೆಯಲು ನಮಗೆ ಕಾಲಾವಕಾಶವಿದೆ. ಮುಂದಿನ ನಕ್ಷೆಯ ಕರಡು ಆಕ್ಷೇಪಣೆಗೆಂದು ಹೊರಬಿದ್ದ ದಿನ ಸಭೆಯಲ್ಲಿರುವ ನೀವೆಲ್ಲ ಕಚೇರಿಗೆ ಹೋಗಿ ನೋಡಿ, ಸಣ್ಣ ಮನೆಗೆ ಜಾಗ ಎಲ್ಲಿದೆ ಎಂದು ಕೇಳಿ, ಆಕ್ಷೇಪಣೆಯನ್ನು ಬರೆದೇ ಕೊಡಿ.